ಆವೃತ್ತಿ ಏರಿಸಿದ ಮೇಲೆ ಮೌನವಾದ ಅಲರ್ಟ್‌ಗಳು: ದೋಷ ಹುಡುಕುವ ಬಗೆ

ಚಿಕ್ಕಮಗಳೂರಿನ ಒಂದು ಸಣ್ಣ ಇಂಟರ್‌ನೆಟ್ ಸಂಸ್ಥೆಯ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಪಟ್ಟಣದೊಳಗೂ ಆಲ್ದೂರಿನವರೆಗೂ ಫೈಬರ್ ಇದೆ. ಮೂಡಿಗೆರೆ, ಕೊಪ್ಪದ ಕಡೆಯ ತೋಟಗಳಿಗೆ ಗುಡ್ಡದಿಂದ ಗುಡ್ಡಕ್ಕೆ ಹಾಯಿಸಿದ ರೇಡಿಯೊ ಲಿಂಕ್‌ಗಳಿವೆ, ಮಳೆಗಾಲದಲ್ಲಿ ಕರೆಂಟಿಗಿಂತ ಹೆಚ್ಚು ಹೊತ್ತು ಬ್ಯಾಟರಿಯ ಮೇಲೆಯೇ ನಡೆಯುವ ಪುಟ್ಟ ಟವರ್‌ಗಳಿವೆ. ಇವೆಲ್ಲದರ ಮೇಲೆ ಕಣ್ಣಿಡಲು ನಾವು ಜ್ಯಾಬಿಕ್ಸ್ ಎಂಬ ಮುಕ್ತ ತಂತ್ರಾಂಶವನ್ನು ಬಳಸುತ್ತೇವೆ, ಏನಾದರೂ ಕೆಟ್ಟರೆ ಅದು ನಮಗೆ ಎಸ್‌ಎಂಎಸ್‌ನಲ್ಲಿ ಎಚ್ಚರಿಕೆ, ಅಂದರೆ ಅಲರ್ಟ್, ಕಳಿಸಬೇಕು. ಅದನ್ನು 4.0 ಆವೃತ್ತಿಯಿಂದ ನೇರವಾಗಿ 6.0ಕ್ಕೆ ಏರಿಸಿದ ಮರುವಾರ, ಜುಲೈ ತಿಂಗಳ ಒಂದು ಬೆಳಿಗ್ಗೆ, ಆಲ್ದೂರಿನ ಆಚೆಯ ತೋಟವೊಂದರ ಲೆಕ್ಕ ನೋಡುವ ರೈಟರು ಫೋನ್ ಮಾಡಿ, “ಏನ್ ಸಾರ್, ನಿನ್ನೆ ರಾತ್ರಿ ಒಂಬತ್ತರಿಂದ ನೆಟ್ ಇಲ್ಲ, ನಿಮಗೆ ಗೊತ್ತೇ ಆಗ್ಲಿಲ್ವಾ?” ಎಂದು ಕೇಳಿದರು. ಗೊತ್ತಾಗಿರಲಿಲ್ಲ. ಸಿಲ್ವರ್ ಓಕ್ ಮರದ ಕೊಂಬೆಯೊಂದು ಕೇಬಲ್ಲಿನ ಮೇಲೆ ಬಿದ್ದು ಹನ್ನೊಂದು ಗಂಟೆ ಕಳೆದಿತ್ತು. ಅಂಥ ಮಳೆಯಲ್ಲೂ ನಾಲ್ಕು ದಿನಗಳಿಂದ ಒಂದೇ ಒಂದು ಎಸ್‌ಎಂಎಸ್ ಬಾರದ್ದನ್ನು ನಾವು ನಮ್ಮ ಅದೃಷ್ಟವೆಂದು ಭಾವಿಸಿಕೊಂಡಿದ್ದೆವು.

ಹುಡುಕುತ್ತ ಹೋದಾಗ ದೋಷ ಒಂದಾಗಿರದೆ, ಒಂದರ ಹಿಂದೆ ಒಂದು ಅಡಗಿ ಕುಳಿತಂತೆ ಹಲವಿದ್ದವು. ಯಾವ ಕ್ರಮದಲ್ಲಿ ಹುಡುಕಿದರೆ ಅವು ಬೇಗ ಸಿಗುತ್ತವೆ ಎಂಬುದನ್ನು ಇಲ್ಲಿ ಬರೆದಿದ್ದೇನೆ. ಪದಗಳು ಜ್ಯಾಬಿಕ್ಸ್‌ನವಾದರೂ ನಾಗಿಯೋಸ್ ಅಥವಾ ಪ್ರೊಮಿಥಿಯಸ್‌ನಂಥ ಬೇರೆ ನಿಗಾ ತಂತ್ರಾಂಶ ಬಳಸುವವರಿಗೂ ಸರಪಳಿ ಇದೇ ಆಗಿರುತ್ತದೆ: ಸಾಧನದಿಂದ ದತ್ತಾಂಶ ಬರಬೇಕು, ನಿಯಮವು ಅದನ್ನು ನೋಡಿ ತಪ್ಪಿದೆ ಎನ್ನಬೇಕು, ಆ ತೀರ್ಮಾನ ಯಾರಿಗೆ ಹೋಗಬೇಕೆಂಬುದು ಗೊತ್ತಾಗಬೇಕು, ಕೊನೆಗೆ ಸಂದೇಶವು ಮನುಷ್ಯನ ಕೈಯಲ್ಲಿರುವ ಫೋನನ್ನು ಮುಟ್ಟಬೇಕು.

ಕೈ ಹಾಕುವ ಮುನ್ನ

ಆವೃತ್ತಿ ಏರಿಸಿದ ಮೇಲೆ ಅಲರ್ಟ್ ಕೆಡುವುದು ಮೂರು ಬಗೆಯಲ್ಲಿ ಕಾಣಿಸುತ್ತದೆ. ಒಂದೂ ಬರುವುದಿಲ್ಲ, ಇಲ್ಲವೇ ಸುಳ್ಳು ಅಲರ್ಟ್‌ಗಳು ಸುರಿಯುತ್ತವೆ, ಇಲ್ಲವೇ ಬರುವುದು ಬಹಳ ತಡವಾಗುತ್ತದೆ. ಸುರಿಯುವುದನ್ನು ಯಾರೂ ಅಲಕ್ಷಿಸಲಾರರು, ಹತ್ತು ನಿಮಿಷದಲ್ಲಿ ಯಾರಾದರೂ ಬೈಯುತ್ತಾರೆ. ಮೌನವನ್ನು ಮಾತ್ರ ನಾವಾಗಿಯೇ ಸಂಶಯದಿಂದ ನೋಡಬೇಕಾಗುತ್ತದೆ, ಆದ್ದರಿಂದ ಈ ಬರಹದ ಹೆಚ್ಚಿನ ಪಾಲು ಅದಕ್ಕೇ ಮೀಸಲು.

ಮೊದಲು ಮಾಡಬೇಕಾದದ್ದು ಕೊನೆಯ ಅಲರ್ಟ್ ಯಾವಾಗ ಬಂತು ಎಂಬುದನ್ನು ಗುರುತು ಹಾಕಿಕೊಳ್ಳುವುದು. ವರದಿಗಳ ಪಟ್ಟಿಯಲ್ಲಿರುವ, ಕಳಿಸಿದ ಅಲರ್ಟ್‌ಗಳ ದಾಖಲೆಯಾದ ಆಕ್ಷನ್ ಲಾಗ್‌ನಲ್ಲಿ ಆವೃತ್ತಿ ಏರಿಸುವ ಹಿಂದಿನ ವಾರವನ್ನೂ ಅನಂತರದ ದಿನಗಳನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಏರಿಸಿದ ಗಳಿಗೆಯಿಂದ ಸಾಲುಗಳೇ ಇಲ್ಲವಾದರೆ ದೋಷ ಸರಪಳಿಯ ಮೊದಲ ಅರ್ಧದಲ್ಲಿದೆ. ಸಾಲುಗಳಿದ್ದು ವಿಫಲ ಎಂಬ ಗುರುತು ಬಿದ್ದಿದ್ದರೆ ಎರಡನೆಯ ಅರ್ಧದಲ್ಲಿದೆ. ಸಾಲುಗಳಿದ್ದು, ಕಳುಹಿಸಲಾಗಿದೆ ಎಂಬ ಹಸಿರು ಗುರುತೂ ಇದ್ದು, ಫೋನಿಗೆ ಮಾತ್ರ ಏನೂ ಬಂದಿಲ್ಲವೆಂದರೆ ಅದು ಎಲ್ಲಕ್ಕಿಂತ ಕಷ್ಟದ ಪ್ರಕರಣ. ನಮ್ಮದು ಅದೇ ಆಗಿತ್ತು.

ಹಳೆಯ ಆವೃತ್ತಿಗೆ ಮರಳಿಬಿಡೋಣ ಎಂಬ ಆಸೆ ಇಂಥ ಹೊತ್ತಿನಲ್ಲಿ ಎಲ್ಲರಿಗೂ ಬರುತ್ತದೆ. ಹೊಸ ಸರ್ವರ್ ಮೊದಲ ಬಾರಿ ಚಾಲೂ ಆದಾಗಲೇ ಡೇಟಾಬೇಸ್‌ನ ರಚನೆಯನ್ನು ಬದಲಿಸಿರುವುದರಿಂದ ಹಳೆಯ ಸರ್ವರ್ ಅದರ ಮೇಲೆ ಏಳುವುದಿಲ್ಲ. ಏರಿಸುವ ಮುನ್ನ ತೆಗೆದಿಟ್ಟ ಬ್ಯಾಕಪ್ ಹಾಕಿದರಷ್ಟೇ ಮರಳಲು ಸಾಧ್ಯ, ಹಾಕಿದರೆ ನಡುವಿನ ದಿನಗಳ ದಾಖಲೆ ಹೋಗುತ್ತದೆ. ದೋಷ ಎಲ್ಲಿದೆಯೆಂದು ತಿಳಿಯದೆ ಹಿಂದಕ್ಕೆ ಹೋದವರು ಮುಂದಿನ ಸಲ ಮತ್ತೆ ಅಲ್ಲೇ ಬಂದು ನಿಲ್ಲುತ್ತಾರೆಂಬುದು ನನ್ನ ಅನುಭವ.

ನಿಜವಾದ ಕಡಿತವೊಂದನ್ನು ಮಾಡಿ ನೋಡುವುದು

ಮೀಡಿಯಾ ಟೈಪ್‌ಗಳ, ಅಂದರೆ ಸಂದೇಶ ಕಳಿಸುವ ಮಾರ್ಗಗಳ, ಪುಟದಲ್ಲಿ 4.4ನೇ ಆವೃತ್ತಿಯಿಂದ ಒಂದು ಟೆಸ್ಟ್ ಗುಂಡಿ ಇದೆ. ಅದನ್ನು ಒತ್ತಿದಾಗ ಫೋನಿಗೆ ಸಂದೇಶ ಬಂದರೆ ಬಹಳಷ್ಟು ಮಂದಿ ಎಲ್ಲ ಸರಿಯಿದೆಯೆಂದು ಎದ್ದು ಹೋಗುತ್ತಾರೆ. ಆ ಗುಂಡಿ ಪರೀಕ್ಷಿಸುವುದು ಸರಪಳಿಯ ಕೊನೆಯ ಕೊಂಡಿಯೊಂದನ್ನೇ, ಅದೂ ನಾವು ಆ ಕ್ಷಣಕ್ಕೆ ಕೈಯಾರೆ ಬರೆದ ಪಠ್ಯದಿಂದ. ಆದ್ದರಿಂದ ಮೂಲೆಯಲ್ಲಿ ಬಿದ್ದಿರುವ ಹಳೆಯ ರೌಟರ್ ಒಂದನ್ನು ತಂದು, ಗ್ರಾಹಕರ ಸಾಧನಗಳಿಗೆ ಹಾಕಿರುವ ಟೆಂಪ್ಲೇಟನ್ನೇ (ಏನೇನು ಅಳೆಯಬೇಕೆಂಬ ಸಿದ್ಧ ಪಟ್ಟಿ) ಅದಕ್ಕೂ ಹಾಕಿ, ಅದೇ ಹೋಸ್ಟ್ (ನಿಗಾದಲ್ಲಿರುವ ಸಾಧನ) ಗುಂಪಿಗೆ ಸೇರಿಸಿ, ಅದರ ತಂತಿಯನ್ನು ಕಿತ್ತು ಗಡಿಯಾರ ನೋಡಿಕೊಳ್ಳುವುದೇ ಸರಿಯಾದ ಪರೀಕ್ಷೆ. ನಾವು ಅಂಥದ್ದೊಂದನ್ನು ಆಫೀಸಿನ ಕಿಟಕಿಯ ಪಕ್ಕ ಇಟ್ಟು ಟಿ1 ಎಂದು ಹೆಸರಿಟ್ಟೆವು. ದೂರದ ಊರುಗಳಲ್ಲಿ ಸರ್ವರ್‌ನ ಪರವಾಗಿ ಕೆಲಸ ಮಾಡುವ ಪ್ರತಿ ಪ್ರಾಕ್ಸಿಯ ಕೆಳಗೂ ಅಂಥದೊಂದು ಇರುವುದು ಒಳ್ಳೆಯದು, ಏಕೆಂದರೆ ಮುಖ್ಯ ಸರ್ವರ್‌ನ ಕೆಳಗೆ ನಡೆಯುವ ಪರೀಕ್ಷೆ ಕೊಪ್ಪದ ಪ್ರಾಕ್ಸಿಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ತಂತಿ ಕಿತ್ತ ಮೇಲೆ ನಾಲ್ಕು ಕಡೆ ನೋಡುತ್ತ ಹೋಗಬೇಕು. ಇತ್ತೀಚಿನ ದತ್ತಾಂಶದ ಪುಟದಲ್ಲಿ, ಸಾಧನ ಉತ್ತರಿಸುತ್ತಿದೆಯೇ ಎಂದು ನೋಡುವ ಪಿಂಗ್‌ನ ಬೆಲೆ ಒಂದರಿಂದ ಸೊನ್ನೆಗೆ ಇಳಿಯಿತೇ, ಸಮಸ್ಯೆಗಳ ಪುಟದಲ್ಲಿ ಸಾಲು ಮೂಡಿತೇ, ಆ ಸಾಲಿನ ಆಕ್ಷನ್ ಅಂಕಣದಲ್ಲಿ ಆಕ್ಷನ್, ಅಂದರೆ ಸಂದೇಶ ಕಳಿಸುವ ಕ್ರಿಯೆ, ನಡೆದ ಗುರುತಿದೆಯೇ, ಫೋನ್ ಸದ್ದು ಮಾಡಿತೇ? ಮೊದಲು ಇಲ್ಲ ಎಂಬ ಉತ್ತರ ಬಂದ ಕಡೆಯೇ ನಿಲ್ಲಬೇಕು. ಅದರ ಮುಂದಿನದನ್ನು ಅಲ್ಲಿಯವರೆಗೆ ಮುಟ್ಟಬಾರದು.

ದತ್ತಾಂಶವೇ ಬರದಿದ್ದರೆ

ಇದರಲ್ಲಿ ಮೊದಲ ಅನುಮಾನ ಪ್ರಾಕ್ಸಿಯ ಮೇಲೆ. ದೂರದ ಊರಿನ ಸಾಧನಗಳನ್ನು ಅಲ್ಲಿಯೇ ಕುಳಿತು ವಿಚಾರಿಸಿ, ಉತ್ತರಗಳನ್ನು ಒಟ್ಟುಗೂಡಿಸಿ 10051ನೇ ಪೋರ್ಟ್ ಮೂಲಕ ಸರ್ವರ್‌ಗೆ ಕಳಿಸುವ ಪುಟ್ಟ ಯಂತ್ರವೇ ಪ್ರಾಕ್ಸಿ. 6.0ರವರೆಗಿನ ಆವೃತ್ತಿಗಳಲ್ಲಿ ಸರ್ವರ್ ಮತ್ತು ಪ್ರಾಕ್ಸಿ ಎರಡೂ ಒಂದೇ ಮುಖ್ಯ ಆವೃತ್ತಿಯವಾಗಿರಲೇಬೇಕು. ಇಲ್ಲದಿದ್ದರೆ ಸರ್ವರ್ ಅದರ ಮಾತನ್ನು ಕೇಳಿಸಿಕೊಳ್ಳುವುದಿಲ್ಲ, ಅದರ ಪ್ರೊಟೊಕಾಲ್ ಆವೃತ್ತಿಗೆ ಇನ್ನು ಬೆಂಬಲವಿಲ್ಲ ಎಂದು ತನ್ನ ಲಾಗ್ ಫೈಲಿನಲ್ಲಿ ಬರೆದುಕೊಂಡು ಸುಮ್ಮನಾಗುತ್ತದೆ. ನಾವು ಶನಿವಾರ ರಾತ್ರಿ ಸರ್ವರನ್ನೂ ಮೂಡಿಗೆರೆಯ ಪ್ರಾಕ್ಸಿಯನ್ನೂ ಏರಿಸಿ, ಆ ಮಳೆಯಲ್ಲಿ ಕೊಪ್ಪದ ಲಿಂಕ್ ಆಗಾಗ ಬಿಟ್ಟುಬಿಟ್ಟು ಬರುತ್ತಿದ್ದುದರಿಂದ ಅಲ್ಲಿನದನ್ನು ಸೋಮವಾರಕ್ಕೆ ಮುಂದೂಡಿದ್ದೆವು. ಸೋಮವಾರ ಬೇರೆ ಕೆಲಸ ಬಂತು.

ಪ್ರಾಕ್ಸಿ ಮೌನವಾದರೆ ಅದರ ಕೆಳಗಿನ ಎಲ್ಲ ಸಾಧನಗಳೂ ಕೆಂಪಾಗಬೇಕಿತ್ತಲ್ಲವೇ ಎಂದು ಕೇಳಬಹುದು. ದತ್ತಾಂಶ ಬಂದರೆ ಮಾತ್ರ ಸಾಮಾನ್ಯ ನಿಯಮಗಳು ಲೆಕ್ಕ ಹಾಕುತ್ತವೆ, ಬಾರದಿದ್ದರೆ ಹಿಂದಿನ ತೀರ್ಮಾನವೇ ಹಾಗೆಯೇ ಉಳಿಯುತ್ತದೆ. ಇಷ್ಟು ಹೊತ್ತು ಏನೂ ಬಂದಿಲ್ಲ ಎಂಬುದನ್ನು ಗಮನಿಸಲೆಂದೇ ನೋಡೇಟಾ ಎಂಬ ಫಂಕ್ಷನ್ ಇದೆ. ಆದರೆ 5.0ನೇ ಆವೃತ್ತಿಯಿಂದ ಈ ಫಂಕ್ಷನ್ ಪ್ರಾಕ್ಸಿಯ ಲಭ್ಯತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಪ್ರಾಕ್ಸಿಯ ಸಂಪರ್ಕವೇ ತಪ್ಪಿದ್ದರೆ ಸಾಧನಗಳನ್ನು ದೂರುವುದು ಸರಿಯಲ್ಲವೆಂದು ತಡೆದುಕೊಳ್ಳುತ್ತದೆ. ಸುಳ್ಳು ಅಲರ್ಟ್‌ಗಳ ಸುರಿಮಳೆ ತಪ್ಪಿಸಲು ಮಾಡಿದ ಈ ಏರ್ಪಾಡು ನನ್ನ ಮಟ್ಟಿಗೆ ಸರಿಯಾದದ್ದೇ. ಆದರೆ 4.0ರಿಂದ ಒಂದೇ ನೆಗೆತಕ್ಕೆ ಬಂದವರಿಗೆ ಅದು ಬದಲಾದದ್ದೇ ತಿಳಿದಿರುವುದಿಲ್ಲ. ಫಂಕ್ಷನ್‌ಗೆ ಸ್ಟ್ರಿಕ್ಟ್ ಎಂಬ ಎರಡನೆಯ ಪದವನ್ನು ಕೊಟ್ಟರೆ ಹಳೆಯ ಕಟ್ಟುನಿಟ್ಟಿನ ನಡತೆ ಮರಳುತ್ತದೆ. ಅದಕ್ಕಿಂತ ಒಳ್ಳೆಯ ಮಾರ್ಗವೆಂದರೆ, ಪ್ರತಿ ಪ್ರಾಕ್ಸಿ ಕೊನೆಯ ಬಾರಿ ಯಾವಾಗ ಮಾತಾಡಿತು ಎಂಬುದನ್ನು ಸರ್ವರ್ ತಾನೇ ಅಳೆಯುವ ಆಂತರಿಕ ಐಟಂ (ಅಳತೆ) ಒಂದನ್ನು ಸೇರಿಸಿ, ಅದು ಐದು ನಿಮಿಷ ಮೀರಿದರೆ ಕೂಗುವಂತೆ ಒಂದು ಟ್ರಿಗರ್ (ನಿಯಮ) ಬರೆಯುವುದು. ಪ್ರಾಕ್ಸಿಯು ಸರ್ವರ್ ಸಿಗದಿದ್ದಾಗ ತನ್ನಲ್ಲಿ ಕೂಡಿಟ್ಟುಕೊಳ್ಳುವ ದತ್ತಾಂಶ, ನಾವು ಬದಲಿಸದಿದ್ದರೆ, ಕೇವಲ 1 ಗಂಟೆಯದು ಎಂಬುದೂ ನೆನಪಿರಲಿ. ಕೊಪ್ಪದ ನಾಲ್ಕು ದಿನಗಳ ದಾಖಲೆ ನಮಗೆ ಹಾಗೆಯೇ ಹೋಯಿತು.

ಪ್ರಾಕ್ಸಿ ಸರಿಯಿದ್ದೂ ಪಿಂಗ್ ಬಾರದಿದ್ದರೆ ಎಫ್‌ಪಿಂಗ್ ಕಡೆಗೆ ತಿರುಗಬೇಕು. ಜ್ಯಾಬಿಕ್ಸ್ ತಾನೇ ಪಿಂಗ್ ಮಾಡುವುದಿಲ್ಲ, ಎಫ್‌ಪಿಂಗ್ ಎಂಬ ಪ್ರತ್ಯೇಕ ಆದೇಶವನ್ನು ಕರೆಯುತ್ತದೆ. ಆ ಆದೇಶ ಎಲ್ಲಿದೆಯೆಂಬುದನ್ನು ಸರ್ವರ್‌ನ ಕಾನ್ಫಿಗ್ ಫೈಲಿನಿಂದ ಓದಿಕೊಳ್ಳುತ್ತದೆ. ಆವೃತ್ತಿ ಏರಿಸುವಾಗ, ಪ್ಯಾಕೇಜಿನ ಜೊತೆ ಬಂದ ಹೊಸ ಕಾನ್ಫಿಗ್ ಫೈಲನ್ನು ಹಾಕಲೇ, ನಿಮ್ಮ ಹಳೆಯದನ್ನು ಉಳಿಸಲೇ ಎಂದು ಒಂದು ಪ್ರಶ್ನೆ ಬರುತ್ತದೆ. ರಾತ್ರಿ ಎರಡು ಗಂಟೆಯ ಹೊತ್ತಿಗೆ ಅದನ್ನು ಓದದೆಯೇ ಹೊಸದು ಎಂದು ಉತ್ತರಿಸಿದವರ ಎಫ್‌ಪಿಂಗ್ ದಾರಿ, ಪಿಂಗರ್‌ಗಳ ಸಂಖ್ಯೆ, ಟೈಮ್‌ಔಟ್, ಅಲರ್ಟ್ ಸ್ಕ್ರಿಪ್ಟ್‌ಗಳ ಫೋಲ್ಡರ್ ಎಲ್ಲವೂ ಮೂಲ ಬೆಲೆಗೆ ಮರಳಿರುತ್ತವೆ. ಪಿಂಗರ್‌ಗಳ ಮೂಲ ಸಂಖ್ಯೆ 1 ಆದ್ದರಿಂದ, ನೂರಾರು ಸಾಧನಗಳಿರುವ ಕಡೆ ಪಿಂಗ್ ನಿಲ್ಲದಿದ್ದರೂ ಸಾಲುಗಟ್ಟಿ ನಿಂತು ತಡವಾಗುತ್ತದೆ. ಹಳೆಯ ಫೈಲಿನ ಪ್ರತಿ ಪಕ್ಕದಲ್ಲೇ ಬೇರೆ ಬಾಲದ ಹೆಸರಿನಲ್ಲಿ ಉಳಿದಿರುತ್ತದೆ. ಎರಡನ್ನೂ ಡಿಫ್ ಆದೇಶಕ್ಕೆ ಕೊಟ್ಟು ಹೋಲಿಸಿದರೆ ಎರಡು ನಿಮಿಷದಲ್ಲಿ ಎಲ್ಲ ಗೋಚರವಾಗುತ್ತದೆ.

ಇನ್ನೊಂದು, ಎಫ್‌ಪಿಂಗ್ ಎಲ್ಲ ಹಕ್ಕುಳ್ಳ ರೂಟ್ ಬಳಕೆದಾರನಾಗಿ ಓಡಿಸಿದಾಗ ಚೆನ್ನಾಗಿ ನಡೆದು, ಜ್ಯಾಬಿಕ್ಸ್ ಬಳಕೆದಾರನಾಗಿ ಓಡಿಸಿದಾಗ ಅನುಮತಿ ಇಲ್ಲ ಎನ್ನಬಹುದು. ಕಚ್ಚಾ ಪ್ಯಾಕೆಟ್ ಕಳಿಸಲು ಬೇಕಾದ ವಿಶೇಷ ಹಕ್ಕು ಆ ಫೈಲಿಗೆ ಅಂಟಿಕೊಂಡಿರುತ್ತದೆ. ಹಳೆಯ ಯಂತ್ರದಿಂದ ಹೊಸದಕ್ಕೆ ಫೈಲುಗಳನ್ನು ನಕಲು ಮಾಡಿ ತಂದವರಲ್ಲಿ ಆ ಹಕ್ಕು ದಾರಿಯಲ್ಲೇ ಉದುರಿಹೋಗಿರುತ್ತದೆ. ಆದ್ದರಿಂದ ಕೈಯಾರೆ ಮಾಡುವ ಪರೀಕ್ಷೆಯನ್ನೆಲ್ಲ ಜ್ಯಾಬಿಕ್ಸ್ ಬಳಕೆದಾರನ ಹೆಸರಿನಲ್ಲೇ ಮಾಡಬೇಕು.

ಏರಿಸಿದ್ದು ಸರ್ವರನ್ನಲ್ಲ, ಸ್ವಿಚ್ಚಿನ ಅಥವಾ ರೌಟರಿನ ಫರ್ಮ್‌ವೇರನ್ನು ಎಂದಾದರೆ, ಸಾಧನಗಳಿಂದ ಅಳತೆಗಳನ್ನು ಕೇಳಿ ಪಡೆಯುವ ಎಸ್‌ಎನ್‌ಎಂಪಿ ಪ್ರೊಟೊಕಾಲ್ ಕಡೆ ನೋಡಬೇಕು. 161ನೇ ಯುಡಿಪಿ ಪೋರ್ಟಿಗೆ ಉತ್ತರ ಬರುತ್ತಿದೆಯೇ ಎಂಬುದು ಮೊದಲ ಪ್ರಶ್ನೆ. ಮೂರನೆಯ ಆವೃತ್ತಿಯ ಎಸ್‌ಎನ್‌ಎಂಪಿ ಬಳಸುವವರಿಗೆ ಸಾಧನವನ್ನು ಗುರುತಿಸುವ ಎಂಜಿನ್ ಐಡಿ ಎಂಬುದೊಂದು ಇದೆ. ಫರ್ಮ್‌ವೇರ್ ಬದಲಾದಾಗ ಅದೂ ಬದಲಾದರೆ, ಅಥವಾ ಸಾಧನವು ಎಷ್ಟು ಬಾರಿ ಮರುಚಾಲನೆಯಾಯಿತು ಎಂಬ ಎಣಿಕೆ ಹಿಂದಕ್ಕೆ ಹೋದರೆ, ಹಳೆಯ ಮಾಹಿತಿಯನ್ನೇ ನೆನಪಿಟ್ಟುಕೊಂಡಿರುವ ಸರ್ವರ್‌ನ ಪ್ರಶ್ನೆಯನ್ನು ಸಾಧನ ತಿರಸ್ಕರಿಸುತ್ತದೆ. ಈ ಲೆಕ್ಕದಲ್ಲಿ ಎರಡೂ ಕಡೆಯ ಸಮಯ 150 ಸೆಕೆಂಡಿಗಿಂತ ಹೆಚ್ಚು ಅಂತರವಾಗುವಂತಿಲ್ಲ. ಪಾಸ್‌ವರ್ಡ್ ಸರಿಯಾಗಿಯೇ ಇರುವುದರಿಂದ ಜನ ಅದನ್ನು ಮತ್ತೆ ಮತ್ತೆ ಟೈಪ್ ಮಾಡುತ್ತ ಅರ್ಧ ದಿನ ಕಳೆಯುತ್ತಾರೆ. ಸರ್ವರ್‌ನ ಎಸ್‌ಎನ್‌ಎಂಪಿ ನೆನಪನ್ನು ಹೊಸದಾಗಿ ಓದಿಸುವ ಆದೇಶವೊಂದು ಸಾಕು.

ದತ್ತಾಂಶವಿದ್ದೂ ಸಮಸ್ಯೆಯ ಸಾಲು ಮೂಡದಿದ್ದರೆ

2021ರಲ್ಲಿ ಬಂದ 5.4ನೇ ಆವೃತ್ತಿಯಲ್ಲಿ ಟ್ರಿಗರ್ ಬರೆಯುವ ವ್ಯಾಕರಣವೇ ಬದಲಾಯಿತು. ಮೊದಲು ಪುಷ್ಪಾವರಣದೊಳಗೆ ಹೋಸ್ಟ್ ಮತ್ತು ಐಟಂನ ಹೆಸರು ಬಂದು ಆಮೇಲೆ ಫಂಕ್ಷನ್ ಬರುತ್ತಿತ್ತು. ಈಗ ಫಂಕ್ಷನ್ ಮೊದಲು ಬರುತ್ತದೆ, ಅದರ ಆವರಣದೊಳಗೆ ಓರೆಗೆರೆಗಳ ನಡುವೆ ಹೋಸ್ಟ್ ಮತ್ತು ಐಟಂ ಬರುತ್ತವೆ. ಡೇಟಾಬೇಸಿನಲ್ಲಿದ್ದ ಹಳೆಯ ಟ್ರಿಗರ್‌ಗಳನ್ನು ಸರ್ವರ್ ತಾನೇ ಹೊಸ ರೂಪಕ್ಕೆ ತಿರುಗಿಸುತ್ತದೆ, ಅಲ್ಲಿ ಹೆದರಬೇಕಾದ್ದಿಲ್ಲ. ತೊಂದರೆಯಿರುವುದು ಡೇಟಾಬೇಸಿನ ಹೊರಗೆ ನಾವು ಬರೆದಿಟ್ಟ ಸ್ಕ್ರಿಪ್ಟ್‌ಗಳಲ್ಲಿ. ಹೊಸ ಗ್ರಾಹಕ ಸೇರಿದಾಗ ಎಪಿಐ (ತಂತ್ರಾಂಶಕ್ಕೆ ಹೊರಗಿನಿಂದ ಆದೇಶ ಕೊಡುವ ದ್ವಾರ) ಮೂಲಕ ಹೋಸ್ಟ್ ಮತ್ತು ಟ್ರಿಗರ್ ಎರಡನ್ನೂ ಸೃಷ್ಟಿಸುವ ಸ್ಕ್ರಿಪ್ಟ್ ನಮ್ಮಲ್ಲಿತ್ತು. ಆವೃತ್ತಿ ಏರಿದ ಮೇಲೂ ಅದು ಹೋಸ್ಟನ್ನು ಸರಿಯಾಗಿ ಸೃಷ್ಟಿಸುತ್ತಿತ್ತು, ಹಳೆಯ ವ್ಯಾಕರಣದ ಟ್ರಿಗರನ್ನು ಮಾತ್ರ ಎಪಿಐ ಒಪ್ಪುತ್ತಿರಲಿಲ್ಲ. ಸ್ಕ್ರಿಪ್ಟ್ ಆ ತಪ್ಪನ್ನು ನುಂಗಿಕೊಂಡು ಮುಂದೆ ಹೋಗುವಂತೆ ಬರೆದವನು ನಾನೇ. ಹಳೆಯ ಗ್ರಾಹಕರಿಗೆ ಅಲರ್ಟ್ ಬಂದು ಹೊಸಬರಿಗೆ ಬಾರದಿದ್ದರೆ ನೇರವಾಗಿ ಇಲ್ಲಿಗೇ ಬರಬೇಕು.

ಟ್ರಿಗರ್ ಇದ್ದೂ ಅದರ ಸ್ಥಿತಿ ಅಜ್ಞಾತ ಎಂದಿರಬಹುದು. ಅದು ನೋಡುವ ಐಟಂಗಳಲ್ಲಿ ಒಂದು ಬೆಂಬಲವಿಲ್ಲ ಎಂಬ ಸ್ಥಿತಿಗೆ ಹೋಗಿದ್ದರೆ ಟ್ರಿಗರ್ ಸರಿಯಿದೆ ಎಂದೂ ಹೇಳಲಾರದು, ತಪ್ಪಿದೆ ಎಂದೂ ಹೇಳಲಾರದು. ಅಜ್ಞಾತ ಸ್ಥಿತಿಯ ಟ್ರಿಗರ್ ಎಂದೂ ಸಮಸ್ಯೆಯನ್ನು ಹುಟ್ಟಿಸುವುದಿಲ್ಲ. ಇಂಥವನ್ನು ವರದಿ ಮಾಡಲೆಂದೇ ಸಿದ್ಧವಾದ ಆಂತರಿಕ ಆಕ್ಷನ್‌ಗಳು ತಂತ್ರಾಂಶದಲ್ಲಿ ಇವೆ, ಆದರೆ ಅವು ನಿಷ್ಕ್ರಿಯವಾಗಿಯೇ ಬರುತ್ತವೆ. ಆವೃತ್ತಿ ಏರಿಸಿದ ಮೇಲಿನ ಮೊದಲ ವಾರವಾದರೂ ಅವನ್ನು ಚಾಲೂ ಮಾಡಿಟ್ಟುಕೊಳ್ಳುವುದು ಲೇಸು.

ಮೆಂಟೆನೆನ್ಸ್ ಅವಧಿಯನ್ನೂ ಒಮ್ಮೆ ನೋಡಿ. ಏರಿಸುವ ರಾತ್ರಿ ಅಲರ್ಟ್ ಬಾರದಿರಲೆಂದು ಎಲ್ಲ ಹೋಸ್ಟ್‌ಗಳನ್ನೂ ಅದರಲ್ಲಿ ಇಟ್ಟು, ಮುಕ್ತಾಯದ ದಿನಾಂಕದಲ್ಲಿ ತಿಂಗಳನ್ನು ತಪ್ಪಾಗಿ ಹಾಕಿ ಮರೆತವರನ್ನು ಕಂಡಿದ್ದೇನೆ. ಸಮಸ್ಯೆಗಳ ಪುಟದಲ್ಲಿ ಅದುಮಿಟ್ಟ ಸಮಸ್ಯೆಗಳನ್ನೂ ತೋರಿಸು ಎಂಬ ಗುರುತು ಹಾಕಿದರೆ ಅವು ಮೇಲೆ ಬರುತ್ತವೆ.

ಸಮಸ್ಯೆ ಕಂಡರೂ ಆಕ್ಷನ್ ನಡೆಯದಿದ್ದರೆ

ಹೋಸ್ಟನ್ನು ಓದುವ ಹಕ್ಕಿಲ್ಲದ ಬಳಕೆದಾರನಿಗೆ ಜ್ಯಾಬಿಕ್ಸ್ ಆ ಹೋಸ್ಟಿನ ಅಲರ್ಟ್ ಕಳಿಸುವುದೇ ಇಲ್ಲ. ಗುಂಪುಗಳನ್ನು ಚೊಕ್ಕ ಮಾಡುವ ಉತ್ಸಾಹದಲ್ಲಿ ಹೋಸ್ಟ್‌ಗಳನ್ನು ಹೊಸ ಗುಂಪಿಗೆ ಸರಿಸಿ, ಲೈನ್‌ಮ್ಯಾನ್‌ಗಳ ಬಳಕೆದಾರ ಗುಂಪಿಗೆ ಅದರ ಹಕ್ಕು ಕೊಡುವುದನ್ನು ಮರೆತರೆ, ಅಡ್ಮಿನ್‌ಗೆ ಎಲ್ಲ ಕಾಣುತ್ತದೆ, ಲೈನ್‌ಮ್ಯಾನ್‌ಗೆ ಏನೂ ಬರುವುದಿಲ್ಲ. ಪರೀಕ್ಷೆಯನ್ನು ಅಡ್ಮಿನ್ ಫೋನಿನಲ್ಲಿ ಮಾತ್ರ ನಡೆಸುವವರಿಗೆ ಇದು ಎಂದೂ ಸಿಗುವುದಿಲ್ಲ.

ಸಮಯವಲಯ ಇನ್ನೊಂದು. ಹೊಸ ಯಂತ್ರದ ಮೇಲೆ ವ್ಯವಸ್ಥೆಯನ್ನು ಹೊಸದಾಗಿ ಹಾಕಿದಾಗ ಅದು ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲೇ ಉಳಿದುಬಿಡುವುದು ಸಾಮಾನ್ಯ. ರಾತ್ರಿ ಪಾಳಿಯವರಿಗೆ 20:00ರಿಂದ 06:00ರವರೆಗೆ ಮಾತ್ರ ಸಂದೇಶ ಹೋಗಲಿ ಎಂದು ಬರೆದಿದ್ದರೆ, ಐದೂವರೆ ಗಂಟೆಯ ಅಂತರದಿಂದ ಅದು ನಮ್ಮ ಗಡಿಯಾರದ 01:30ರಿಂದ 11:30 ಆಗಿಬಿಡುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಮರ ಬೀಳುವುದಕ್ಕೆ ಹೊತ್ತುಗೊತ್ತಿಲ್ಲ, ಹೀಗಾದರೆ ಸಂಜೆ ಎಂಟರಿಂದ ಒಂದೂವರೆಯವರೆಗೆ ಯಾರೂ ಕಾವಲಿರುವುದಿಲ್ಲ. ವ್ಯವಸ್ಥೆಯ ಸಮಯವಲಯವನ್ನೂ 5.2ರಿಂದ ಬಂದಿರುವ ಬಳಕೆದಾರರ ಸ್ವಂತ ಸಮಯವಲಯವನ್ನೂ ಏಷ್ಯಾ/ಕೋಲ್ಕತಾ ಎಂದೇ ಇರಿಸಬೇಕು. ಈ ಅವಧಿ ನಡುರಾತ್ರಿಯನ್ನು ದಾಟುವಂತೆ ಬರೆಯಲು ಬರುವುದಿಲ್ಲ, 20:00ರಿಂದ 24:00 ಮತ್ತು 00:00ರಿಂದ 06:00 ಎಂದು ಎರಡು ತುಂಡು ಮಾಡಿ ಅರ್ಧವಿರಾಮದಿಂದ ಬೇರ್ಪಡಿಸಬೇಕು.

ಕಳುಹಿಸಲಾಗಿದೆ ಎಂದಿದ್ದೂ ತಲುಪದಿದ್ದರೆ

ಇಷ್ಟೂ ಕೊಂಡಿಗಳನ್ನು ದಾಟಿದ ಮೇಲೂ ಆಲ್ದೂರಿನ ಪ್ರಕರಣಕ್ಕೆ ಉತ್ತರ ಸಿಕ್ಕಿರಲಿಲ್ಲ. ಅಲ್ಲಿನ ಸಾಧನ ಪ್ರಾಕ್ಸಿಯ ಕೆಳಗಿರದೆ ಮುಖ್ಯ ಸರ್ವರ್‌ನ ಕೆಳಗೇ ಇತ್ತು. ರಾತ್ರಿ 9:04ಕ್ಕೆ ಸಮಸ್ಯೆಯ ಸಾಲು ಮೂಡಿತ್ತು, ಅದೇ ನಿಮಿಷದಲ್ಲಿ ಆಕ್ಷನ್ ನಡೆದು ಹಸಿರು ಗುರುತೂ ಬಿದ್ದಿತ್ತು.

ಹಿನ್ನೆಲೆ ಹೀಗಿದೆ. ನಮ್ಮ ಎಸ್‌ಎಂಎಸ್ ಕಳಿಸುವ ಸ್ಕ್ರಿಪ್ಟ್ ಪೈಥಾನ್ 2ರಲ್ಲಿ ಬರೆದದ್ದು, ಆ ಭಾಷೆಯ ಆವೃತ್ತಿಗೆ 2020ರ ಜನವರಿ 1ಕ್ಕೇ ಬೆಂಬಲ ಮುಗಿದಿದೆ. ಸರ್ವರ್ ಜೊತೆಗೆ ಆಪರೇಟಿಂಗ್ ಸಿಸ್ಟಮ್ಮನ್ನೂ ಹೊಸದಾಗಿ ಹಾಕಿದ್ದರಿಂದ ಅದರಲ್ಲಿ ಪೈಥಾನ್ 2 ಇರಲೇ ಇಲ್ಲ. ಭಾನುವಾರ ಬೆಳಿಗ್ಗೆಯೇ ಆಕ್ಷನ್ ಲಾಗ್ ಕೆಂಪಾಗಿತ್ತು: ಹತ್ತು ಸೆಕೆಂಡಿನ ಅಂತರದಲ್ಲಿ ಮೂರು ಬಾರಿ ಪ್ರಯತ್ನಿಸಿ ಕೈಬಿಟ್ಟ ಸಾಲುಗಳು. ನಮ್ಮ ಸಹೋದ್ಯೋಗಿ ಸ್ಕ್ರಿಪ್ಟನ್ನು ಬಿಟ್ಟು, ಎಸ್‌ಎಂಎಸ್ ರವಾನಿಸುವ ಸೇವೆಯಾದ ಗೇಟ್‌ವೇಯನ್ನು ನೇರವಾಗಿ ಕರೆಯುವ ವೆಬ್‌ಹುಕ್ ಬಗೆಯ ಹೊಸ ಮೀಡಿಯಾ ಟೈಪ್ ಸಿದ್ಧಪಡಿಸಿದರು. ಲಾಗ್ ಹಸಿರಾಯಿತು. ನಾವೆಲ್ಲ ನಿಟ್ಟುಸಿರು ಬಿಟ್ಟು ಮನೆಗೆ ಹೋದೆವು.

ಆ ಹಸಿರಿನ ಅರ್ಥ ಇಷ್ಟೇ: ಗೇಟ್‌ವೇಯ ಸರ್ವರ್ ನಮ್ಮ ಕೋರಿಕೆಯನ್ನು ಸ್ವೀಕರಿಸಿ 200 ಎಂಬ ಉತ್ತರ ಕೊಟ್ಟಿತು. ಪತ್ರವನ್ನು ಅಂಚೆ ಡಬ್ಬಿಗೆ ಹಾಕಿದ್ದಕ್ಕೆ ರಸೀತಿ ಸಿಕ್ಕಂತೆ. ಆಮೇಲಿನದು ದೂರವಾಣಿ ಜಾಲದ ಕೈಯಲ್ಲಿದೆ. ನಮ್ಮ ದೇಶದಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2018ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ, ಸಂಸ್ಥೆಗಳು ಹೀಗೆ ಕಳಿಸುವ ಎಸ್‌ಎಂಎಸ್‌ಗಳ ಹೆಡರನ್ನೂ (ಕಳಿಸಿದವರ ಹೆಸರು) ಸಂದೇಶದ ಅಚ್ಚನ್ನೂ ಡಿಎಲ್‌ಟಿ ಎಂಬ ವ್ಯವಸ್ಥೆಯಲ್ಲಿ ಮೊದಲೇ ನೋಂದಾಯಿಸಿರಬೇಕು. ಹೊರಡುವ ಪ್ರತಿ ಸಂದೇಶವನ್ನೂ ಆ ಅಚ್ಚಿಗೆ ಹಿಡಿದು ನೋಡಲಾಗುತ್ತದೆ, ಬದಲಾಗುವ ಖಾಲಿ ಜಾಗಗಳನ್ನು ಬಿಟ್ಟು ಉಳಿದ ಪಠ್ಯದಲ್ಲಿ ಹೊಂದಿಕೆ ತಪ್ಪಿದರೆ ಸಂದೇಶ ಅಲ್ಲಿಯೇ ಬಿದ್ದುಹೋಗುತ್ತದೆ. ನಾವು ನೋಂದಾಯಿಸಿದ್ದು, ಲೈನ್‌ಮ್ಯಾನ್‌ಗಳು ಓದಿಕೊಳ್ಳಲೆಂದು, ಕನ್ನಡದ ಒಂದು ಗಿಡ್ಡ ವಾಕ್ಯ: ಲಿಂಕ್ ಕಡಿತ, ಸ್ಥಳದ ಹೆಸರು, ಸಮಯ. ಆದರೆ 5.0ನೇ ಆವೃತ್ತಿಯಿಂದ ಸಂದೇಶದ ಅಚ್ಚುಗಳು ಮೀಡಿಯಾ ಟೈಪ್‌ನೊಳಗೇ ಇರುತ್ತವೆ. ಹೊಸ ಮೀಡಿಯಾ ಟೈಪ್ ಮಾಡಿ ಅಚ್ಚು ಸೇರಿಸು ಎಂದಾಗ, ಸಮಸ್ಯೆ ಇಂಥ ದಿನ ಇಂಥ ಹೊತ್ತಿಗೆ ಆರಂಭವಾಯಿತು ಎಂದು ತೊಡಗಿ ಹೋಸ್ಟ್, ತೀವ್ರತೆ, ಸಮಸ್ಯೆಯ ಸಂಖ್ಯೆಯವರೆಗೆ ಸಾಗುವ ಇಂಗ್ಲಿಷ್ ಪಠ್ಯವೊಂದು ತಾನಾಗಿ ತುಂಬಿಕೊಳ್ಳುತ್ತದೆ. ಇ-ಮೇಲ್‌ಗೆ ಅದು ಸೊಗಸಾದ ಪಠ್ಯ. ನಾವು ಅದನ್ನು ಹಾಗೆಯೇ ಬಿಟ್ಟಿದ್ದೆವು. ನಾಲ್ಕು ದಿನಗಳ ಅಲರ್ಟ್‌ಗಳೆಲ್ಲ ನೋಂದಾಯಿತ ಅಚ್ಚಿಗೆ ಹೊಂದದೆ ತಿರಸ್ಕೃತವಾಗಿದ್ದವು, ಅದು ಗೇಟ್‌ವೇಯ ಡೆಲಿವರಿ ವರದಿಯಲ್ಲಿ ಸಾಲುಸಾಲಾಗಿ ಬರೆದೂ ಇತ್ತು. ಆ ವರದಿಯನ್ನು ತೆರೆದು ನೋಡಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ಟೆಸ್ಟ್ ಗುಂಡಿ ಒತ್ತಿದಾಗ ಮಾತ್ರ ಸಂದೇಶ ಬಂದದ್ದೇಕೆಂದರೆ, ಪರೀಕ್ಷೆಗೆಂದು ನಮ್ಮ ಸಹೋದ್ಯೋಗಿ ಹಳೆಯ ಎಸ್‌ಎಂಎಸ್ ಒಂದರಿಂದ ಕನ್ನಡದ ಸಾಲನ್ನೇ ನಕಲು ಮಾಡಿ ಹಾಕಿದ್ದರು.

ಮೀಡಿಯಾ ಟೈಪ್‌ನ ಅಚ್ಚನ್ನು ನೋಂದಾಯಿತ ವಾಕ್ಯಕ್ಕೆ ಅಕ್ಷರ, ಚುಕ್ಕೆ, ಜಾಗಗಳ ಸಮೇತ ಹೊಂದಿಸಿದ ಮೇಲೆ ಸಂದೇಶಗಳು ಬರತೊಡಗಿದವು, ಆದರೆ ಎಲ್ಲವೂ ಅಲ್ಲ. ಅಚ್ಚಿನ ಒಂದು ಖಾಲಿ ಜಾಗಕ್ಕೆ 30 ಅಕ್ಷರಗಳ ಮಿತಿಯಿತ್ತು. ಸ್ಥಳದ ಹೆಸರಿನ ಜಾಗಕ್ಕೆ ನಾವು ಟ್ರಿಗರ್‌ನ ಹೆಸರನ್ನು ತುಂಬುತ್ತಿದ್ದೆವು. ಹೊಸ ಟೆಂಪ್ಲೇಟ್‌ಗಳಲ್ಲಿ ಇಂಟರ್‌ಫೇಸಿನ ಹೆಸರು, ಅದರ ವಿವರಣೆ ಎಲ್ಲ ಸೇರಿ ಆ ಹೆಸರು ಉದ್ದವಾಗಿ ಬೆಳೆದಿತ್ತು. ಅದರ ಬದಲು ಹೋಸ್ಟಿನ ಹೆಸರನ್ನಷ್ಟೇ ಹಾಕಿದೆವು. ಕನ್ನಡದಲ್ಲಿ ಬರೆದರೆ ಒಂದು ಎಸ್‌ಎಂಎಸ್‌ಗೆ ಹಿಡಿಯುವುದು 160 ಅಲ್ಲ, 70 ಅಕ್ಷರ. ಅದರಲ್ಲಿ ಒತ್ತಕ್ಷರ, ಕಾಗುಣಿತದ ಚಿಹ್ನೆಗಳೂ ಬೇರೆ ಬೇರೆಯಾಗಿ ಎಣಿಕೆಗೆ ಬರುತ್ತವೆ. ಹಾಗಾಗಿ ಗಿಡ್ಡ ಹೆಸರುಗಳಿಂದ ಹಣವೂ ಉಳಿಯಿತು.

ಇ-ಮೇಲ್ ಬಳಸುವವರು ಇದೇ ಜಾಗದಲ್ಲಿ, ಸಂಪರ್ಕವನ್ನು ಗೂಢಲಿಪಿಯಲ್ಲಿಡುವ ಟಿಎಲ್‌ಎಸ್ ನೋಡಬೇಕು. ಹೊಸ ಆಪರೇಟಿಂಗ್ ಸಿಸ್ಟಮ್‌ಗಳು 1.2ಕ್ಕಿಂತ ಹಳೆಯ ಟಿಎಲ್‌ಎಸ್ ಅನ್ನು ಒಪ್ಪದಿರುವುದರಿಂದ, ಆಫೀಸಿನ ಮೂಲೆಯಲ್ಲಿರುವ ಹಳೆಯ ಮೇಲ್ ಸರ್ವರ್ ಜೊತೆ ಮಾತೇ ಆರಂಭವಾಗದಿರಬಹುದು. ಜಿಮೇಲ್ ಮೂಲಕ ಕಳಿಸುವವರಿಗೆ ಸಾಮಾನ್ಯ ಪಾಸ್‌ವರ್ಡ್ 2022ರ ಮೇ 30ರಿಂದ ನಡೆಯುವುದಿಲ್ಲ, ಎರಡು ಹಂತದ ಪರಿಶೀಲನೆ ಚಾಲೂ ಮಾಡಿ 16 ಅಕ್ಷರಗಳ ಆ್ಯಪ್ ಪಾಸ್‌ವರ್ಡ್ ಪಡೆದು 587ನೇ ಪೋರ್ಟಿನಲ್ಲಿ ಬಳಸಬೇಕು. ಪ್ರೊಮಿಥಿಯಸ್‌ನವರಿಗೆ ಇದಕ್ಕೆ ಹೋಲುವ ಮಾತೊಂದಿದೆ: 3.0ನೇ ಆವೃತ್ತಿಯು, ಅಲರ್ಟ್‌ಗಳನ್ನು ರವಾನಿಸುವ ತನ್ನ ಜೊತೆಗಾರ ತಂತ್ರಾಂಶವಾದ ಅಲರ್ಟ್‌ಮ್ಯಾನೇಜರ್‌ನ ಹಳೆಯ ಎಪಿಐಯನ್ನು ಕೈಬಿಟ್ಟಿರುವುದರಿಂದ 0.16ಕ್ಕಿಂತ ಹಳೆಯ ಅಲರ್ಟ್‌ಮ್ಯಾನೇಜರ್ ಇದ್ದರೆ ನಿಯಮ ಕೆಂಪಾದರೂ ಸುದ್ದಿ ಮುಂದೆ ಹೋಗುವುದಿಲ್ಲ.

ತಡ ಮತ್ತು ಸುರಿಮಳೆ

ಎರಡನ್ನೂ ಚುಟುಕಾಗಿ ಹೇಳಬಹುದು. ಹೊಸದಾಗಿ ಮಾಡಿದ ಮೀಡಿಯಾ ಟೈಪ್ ಏಕಕಾಲಕ್ಕೆ ಒಂದೇ ಸಂದೇಶವನ್ನು ಕಳಿಸುವಂತೆ ಹೊಂದಿಸಿಕೊಂಡು ಬರುತ್ತದೆ. ಸಿಡಿಲು ಬಡಿದು ಅರವತ್ತು ಸಾಧನಗಳು ಒಟ್ಟಿಗೆ ಬಿದ್ದರೆ ಕೊನೆಯವನಿಗೆ ಸುದ್ದಿ ಬರುವಷ್ಟರಲ್ಲಿ ಕರೆಂಟೇ ಬಂದಿರುತ್ತದೆ. ಗೇಟ್‌ವೇ ಒಪ್ಪುವಷ್ಟಕ್ಕೆ ಆ ಸಂಖ್ಯೆಯನ್ನು ಏರಿಸಿ. ಫರ್ಮ್‌ವೇರ್ ಏರಿಸಿದ ಸ್ವಿಚ್ಚಿನಿಂದ ಮಾತ್ರ ಸುಳ್ಳು ಅಲರ್ಟ್ ಸುರಿಯುತ್ತಿದ್ದರೆ ಅದರ ಪೋರ್ಟ್‌ಗಳ ಇಂಡೆಕ್ಸ್ ಸಂಖ್ಯೆ ಬದಲಾಗಿರಬಹುದು. ಆಗ ಅಪ್‌ಲಿಂಕನ್ನು ನೋಡುತ್ತಿದ್ದ ಐಟಂ ಈಗ ಖಾಲಿ ಪೋರ್ಟನ್ನು ನೋಡುತ್ತ ಕಡಿತ ಕಡಿತ ಎಂದು ಕೂಗುತ್ತಿರುತ್ತದೆ. ಪೋರ್ಟ್‌ಗಳನ್ನು ಹೊಸದಾಗಿ ಹುಡುಕುವ ಡಿಸ್ಕವರಿ ನಿಯಮವನ್ನು ಆಗಲೇ ಓಡಿಸಿದರೆ ಸರಿಹೋಗುತ್ತದೆ. ಇಂಡೆಕ್ಸನ್ನು ಸ್ಥಿರವಾಗಿಡುವ ಆಯ್ಕೆ ಸ್ವಿಚ್ಚಿನಲ್ಲಿದ್ದರೆ ಅದನ್ನೂ ಚಾಲೂ ಮಾಡಿಡಬೇಕು.

ಈಗ ನಮ್ಮ ಆಫೀಸಿನಲ್ಲಿ ಆವೃತ್ತಿ ಏರಿಸಿದ ಕೆಲಸ ಮುಗಿಯಿತೆಂದು ಬರೆಯುವುದು ಟಿ1ರ ತಂತಿ ಕಿತ್ತು ಲೈನ್‌ಮ್ಯಾನ್ ಫೋನಿಗೆ ಸಂದೇಶ ಹೋದ ಮೇಲೆ, ಗೇಟ್‌ವೇಯ ಡೆಲಿವರಿ ವರದಿಯಲ್ಲಿ ಆ ಸಾಲನ್ನು ಕಣ್ಣಾರೆ ಕಂಡ ಮೇಲೆ. ಆ ವಾರ ಎಲ್ಲ ಸರಿಪಡಿಸಿ ಮಧ್ಯಾಹ್ನ 4:10ಕ್ಕೆ ಮೊದಲ ಬಾರಿ ತಂತಿ ಕಿತ್ತಾಗ, ಮೂಡಿಗೆರೆ ಕಡೆಯ ಹುಡುಗನಿಗೆ ಮೊದಲೇ ತಿಳಿಸುವುದನ್ನು ಮರೆತಿದ್ದೆವು. ಎರಡು ನಿಮಿಷ ಕಳೆಯುವಷ್ಟರಲ್ಲಿ ಅವನ ಫೋನ್ ಬಂತು: “ಸಾರ್, ಏಣಿ ಬೈಕಿಗೆ ಕಟ್ಟಿದೀನಿ. ಈ ಟಿ1 ಅನ್ನೋ ಟವರ್ ಯಾವ ಊರಲ್ಲಿದೆ?”